ನಿರ್ಮಿತ ಪರಿಸರ: ಮಗುವಿನ ಕೆಮ್ಮಿನಲ್ಲಿ ಗೋಡೆಯ ಪಾಲು

ಮನೆ, ಓಣಿ, ಚರಂಡಿ, ತಾರಸಿಯ ಮೇಲಿನ ನೀರಿನ ಟ್ಯಾಂಕ್, ಫುಟ್‌ಪಾತ್, ಆಟದ ಬಯಲು: ಮನುಷ್ಯ ತನ್ನ ವಾಸಕ್ಕೆಂದು ಕಟ್ಟಿಕೊಂಡ ಇವೆಲ್ಲವನ್ನೂ ಸಾರ್ವಜನಿಕ ಆರೋಗ್ಯ ಶಾಸ್ತ್ರದಲ್ಲಿ 'ನಿರ್ಮಿತ ಪರಿಸರ' ಎನ್ನುತ್ತಾರೆ. ಮಳೆ ಇದರಲ್ಲಿ ಸೇರುವುದಿಲ್ಲ. ಆದರೆ ಆ ಮಳೆ ಗೋಡೆಯೊಳಗೆ ಇಳಿಯಿತೋ ಹೊರಗೆ ಹರಿಯಿತೋ ಎಂಬುದು ಇದರದೇ ಲೆಕ್ಕ.

ಐದು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಈ ಮಾತಿಗೆ ತೂಕ ಹೆಚ್ಚು. ದೇಹದ ತೂಕಕ್ಕೆ ಹೋಲಿಸಿದರೆ ಅವರು ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಹೆಚ್ಚಿನವು ರೂಪುಗೊಳ್ಳುವುದೇ ಹುಟ್ಟಿದ ಮೇಲೆ. ಅವರ ದಿನವೆಲ್ಲ ಕಳೆಯುವುದು ನೆಲದ ಮೇಲೆ, ಕೈಗೆ ಸಿಕ್ಕಿದ್ದು ಹೋಗುವುದು ಬಾಯಿಗೆ.

ಕರಾವಳಿಯ ಆಟಿ ತಿಂಗಳನ್ನೇ (ಜುಲೈ-ಆಗಸ್ಟ್‌ನ ಮಳೆಯ ತಿಂಗಳು) ನೋಡಿ. ವಾರಗಟ್ಟಲೆ ಬಿಸಿಲಿಲ್ಲ, ಒದ್ದೆ ಬಟ್ಟೆ ಒಳಗೇ ಹಗ್ಗದ ಮೇಲೆ, ಕಪಾಟಿನ ಹಿಂದಿನ ಗೋಡೆಗೆ ಬೂಷ್ಟು. ತೇವ ಹಿಡಿದ, ಬೂಷ್ಟು ಹತ್ತಿದ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ಸೋಂಕು, ಆಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲೇ ಹೇಳಿದೆ. ಇಲ್ಲಿ ಮಾತ್ರ ಮಗು ಕೆಮ್ಮಿದರೆ ತಾಯಿಯ ವಿಚಾರಣೆ ಶುರುವಾಗುತ್ತದೆ: "ಬಾಳೆಹಣ್ಣು ಕೊಟ್ಟೆಯಾ? ತಲೆಗೆ ಸ್ನಾನ ಮಾಡಿಸಿದೆಯಾ?" ಗೋಡೆಯನ್ನು ಯಾರೂ ವಿಚಾರಿಸುವುದಿಲ್ಲ.

ಹಾಗೆಂದು ಹಳೆಯ ಹಂಚಿನ ಮನೆಯನ್ನು ನೆನೆದು ಹಲುಬಬೇಕಾಗಿಯೂ ಇಲ್ಲ. ಹಂಚಿನ ಸಂದಿಯಲ್ಲಿ ಗಾಳಿಯಾಡುತ್ತಿತ್ತು ನಿಜ, ಆದರೆ ಕೆಳಗೆ ಸೌದೆ ಒಲೆ ಉರಿಯುತ್ತಿತ್ತು. ಅಂಥ ಹೊಗೆಯಲ್ಲಿ ಬೆಳೆಯುವ ಮಗುವಿಗೆ ನ್ಯುಮೋನಿಯಾ ಬರುವ ಸಾಧ್ಯತೆ ಸುಮಾರು ಇಮ್ಮಡಿ. ಈಗ ಗ್ಯಾಸ್ ಬಂದಿದೆ, ಹೊಗೆ ಅಡುಗೆಮನೆ ಬಿಟ್ಟು ಮಲಗುವ ಕೋಣೆಗೆ ಹೋಗಿದೆ. ಒಂದು ಸೊಳ್ಳೆಬತ್ತಿ ಸುರುಳಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮಕಣಗಳು 75ರಿಂದ 137 ಸಿಗರೇಟುಗಳ ಹೊಗೆಗೆ ಸಮ ಎಂದು 2003ರ ಒಂದು ಅಧ್ಯಯನ ಅಳೆದು ತೋರಿಸಿತ್ತು. ಕಿಟಕಿ ಮುಚ್ಚಿ, ತೊಟ್ಟಿಲ ಪಕ್ಕ ಅದನ್ನು ಹಚ್ಚುವವರು ನಮ್ಮಲ್ಲಿ ಕಡಿಮೆಯೇನಲ್ಲ. ಸೊಳ್ಳೆಪರದೆಗೆ ಹೊಗೆಯೂ ಇಲ್ಲ, ಕರೆಂಟೂ ಬೇಡ.

ಸೊಳ್ಳೆ ಎಂದಾಗ ಮಂಗಳೂರಿನ ಮಲೇರಿಯಾ ಬಿಟ್ಟು ಮುಂದೆ ಹೋಗಲಾಗದು. ಇಲ್ಲಿ ಅದನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸೈ ಕೊಳಚೆಯ ಸೊಳ್ಳೆಯಲ್ಲ. ಮುಚ್ಚಳವಿಲ್ಲದ ಟ್ಯಾಂಕ್, ಬಾವಿ, ಸ್ಲ್ಯಾಬ್ ಗಟ್ಟಿಯಾಗಲೆಂದು ಕಟ್ಟಿ ನಿಲ್ಲಿಸಿದ ಕ್ಯೂರಿಂಗ್ ನೀರು, ಹೀಗೆ ತಿಳಿಯಾಗಿ ನಿಂತ ನೀರೇ ಅದಕ್ಕೆ ಇಷ್ಟ. 1990ರ ದಶಕದಲ್ಲಿ ಕಟ್ಟಡಗಳು ಏಳುತ್ತಿದ್ದಂತೆ ಊರಿನಲ್ಲಿ ಮಲೇರಿಯಾವೂ ಏರಿತು. ಇಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಬಗೆಯ ರೋಗಾಣು ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಮತ್ತೆ ಜ್ವರ ತರಬಲ್ಲದು. ಈಚಿನ ವರ್ಷಗಳಲ್ಲಿ ಪ್ರಕರಣಗಳು ಬಹಳ ಇಳಿದಿವೆ. ಆದರೂ ಬಹುಮಹಡಿ ಕಟ್ಟಡದ ಬುಡದಲ್ಲಿ ತಗಡಿನ ಶೆಡ್ಡಿನಲ್ಲಿ ಮಲಗುವ ಕೂಲಿಕಾರರ ಮಗುವಿಗೂ ಏಳನೇ ಮಹಡಿಯ ಮಗುವಿಗೂ ಅಪಾಯ ಒಂದೇ ಅಲ್ಲ.

ಓಣಿಯ ಕಥೆ ಚಿಕ್ಕದು. ಒಂದರಿಂದ ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈಯಾಡಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ. ಅಂಗಳವಿದ್ದಲ್ಲಿ ಅದು ಸಲಹೆಯೇ ಅಲ್ಲ, ಮಗು ತಾನಾಗಿ ಓಡುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಮನೆಯಲ್ಲಿ ಅಮ್ಮ ಬಾಗಿಲ ಚಿಲಕ ಹಾಕುತ್ತಾಳೆ, ಮಗುವಿನ ಕೈಗೆ ಮೊಬೈಲ್ ಬರುತ್ತದೆ.

'ನಿರ್ಮಿತ ಪರಿಸರ'ದ ಲೆಕ್ಕ ಹಿಡಿದರೆ ಜವಾಬ್ದಾರಿ ಎಲ್ಲರಿಗೂ ಹಂಚಿಹೋಗುತ್ತದೆ. ಪರದೆ ಕಟ್ಟುವುದು, ಕಿಟಕಿ ತೆರೆಯುವುದು ಮನೆಯವರ ಕೈಯಲ್ಲಿದೆ. ಒಸರುವ ಗೋಡೆ ಮಾಲೀಕನದು, ಬಾಡಿಗೆದಾರ ಅದಕ್ಕೆ ಸುಣ್ಣ ಬಳಿಯಬಹುದಷ್ಟೇ. ಸ್ಲ್ಯಾಬಿನ ಮೇಲೆ ನಿಂತ ನೀರಿಗೆ ಬಿಲ್ಡರ್ ಹೊಣೆ, ಅವನನ್ನು ಕೇಳಬೇಕಾದದ್ದು ನಗರಪಾಲಿಕೆ.