ತೋಳಿಲ್ಲದ ರಾಜ, ಕಪ್ಪು ಮರದ ತಾಯಿ: ಕಾರ್ಲೊಫೋರ್ಟೆಯ ಕಥೆ

ಇಟಲಿಯ ಸಾರ್ಡೀನಿಯಾ ದ್ವೀಪದ ನೈರುತ್ಯ ಮೂಲೆಯಲ್ಲಿ ಸಾನ್ ಪಿಯೆತ್ರೊ ಎಂಬ ಇನ್ನೊಂದು ಪುಟ್ಟ ದ್ವೀಪವಿದೆ. ಅಲ್ಲಿರುವುದು ಒಂದೇ ಊರು, ಕಾರ್ಲೊಫೋರ್ಟೆ. ಸಾರ್ಡೀನಿಯಾದ ಪೋರ್ತೊವೆಸ್ಮೆ ಬಂದರಿನಿಂದ ಫೆರ್ರಿ ಹತ್ತಿ ಬಂದರೆ ಬಂದರಿನ ಎದುರಿಗೇ ಒಬ್ಬ ರಾಜನ ಪ್ರತಿಮೆ. ಅವನಿಗೆ ಒಂದು ತೋಳಿಲ್ಲ.

ಬೀದಿಯಲ್ಲಿ ಸ್ವಲ್ಪ ಕಿವಿಗೊಟ್ಟರೆ ಇನ್ನೊಂದು ಅಚ್ಚರಿ. ಇಲ್ಲಿನವರ ಮನೆಮಾತು ಸಾರ್ಡೀನಿಯಾದ್ದಲ್ಲ, ದೂರದ ಉತ್ತರ ಇಟಲಿಯ ಜೆನೊವಾ ಕಡೆಯದು. ಹೆಸರು ತಬರ್ಕೀನೊ. ಆ ಹೆಸರು ಮಾತ್ರ ಆಫ್ರಿಕಾದ್ದು!

ಇದು ಹೇಗಾಯ್ತು ಅಂದರೆ, 1540ರ ದಶಕದಲ್ಲಿ ಜೆನೊವಾ ಪಕ್ಕದ ಪೆಲ್ಯಿ ಊರಿನ ಬೆಸ್ತರು ಟ್ಯುನೀಷಿಯಾ ತೀರದ ತಬರ್ಕಾ ದ್ವೀಪಕ್ಕೆ ಹೋಗಿ ನೆಲೆಸಿದರು. ಹವಳ ತೆಗೆಯುವುದು ಅವರ ಕಸುಬು. ಜೆನೊವಾದ ಲೊಮೆಲ್ಲೀನಿ ಮನೆತನ ಅದನ್ನು ನಡೆಸುತ್ತಿತ್ತು. ಎರಡು ಶತಮಾನ ಹಾಗೇ ಕಳೆಯಿತು. ಕೊನೆಗೆ ಹವಳ ಬರಿದಾಗತೊಡಗಿತು, ಟ್ಯುನೀಷಿಯಾವನ್ನು ಆಳುತ್ತಿದ್ದ ಟ್ಯೂನಿಸ್ ದೊರೆಗಳ ಕಾಟವೂ ಜಾಸ್ತಿಯಾಯಿತು. 1738ರಲ್ಲಿ ಸಾರ್ಡೀನಿಯಾದ ರಾಜ ಮೂರನೇ ಕಾರ್ಲೊ ಎಮಾನುಯೆಲೆ ಖಾಲಿ ಬಿದ್ದಿದ್ದ ಈ ದ್ವೀಪವನ್ನು ಅವರಿಗೆ ಕೊಟ್ಟ. ಊರಿಗೆ ಅವನದೇ ಹೆಸರು. ಪ್ರತಿಮೆಯೂ ಅವನದೇ. ತಬರ್ಕಾದಲ್ಲೇ ಉಳಿದವರ ಪಾಡು ಬೇರೆಯಾಯಿತು. 1741ರಲ್ಲಿ ಟ್ಯೂನಿಸ್ ಪಡೆ ದ್ವೀಪವನ್ನು ಹಿಡಿದು, ಅವರನ್ನು ಸೆರೆ ಒಯ್ದಿತು.

ತೋಳಿನ ಕಥೆ 1793ರದು. ಫ್ರೆಂಚರು ಬಂದು ದ್ವೀಪ ಹಿಡಿದಾಗ, ತಮ್ಮ ರಾಜನನ್ನು ಒಡೆದುಹಾಕುತ್ತಾರೆ ಅಂತ ಊರವರು ಪ್ರತಿಮೆಯನ್ನು ಮಣ್ಣಲ್ಲಿ ಬಚ್ಚಿಟ್ಟರಂತೆ. ಆ ಗಡಿಬಿಡಿಯಲ್ಲಿ ತೋಳು ಮುರಿಯಿತು ಅನ್ನುತ್ತಾರೆ. ಕೆಲವೇ ತಿಂಗಳಲ್ಲಿ ಸ್ಪೇನ್‌ನ ನೌಕಾಪಡೆ ಬಂದು ಫ್ರೆಂಚರನ್ನು ಓಡಿಸಿತು.

ನಿಜವಾದ ಗಾಯ ಆಗಿದ್ದು ಐದು ವರ್ಷದ ಮೇಲೆ. 1798ರ ಸೆಪ್ಟೆಂಬರ್‌ನ ಒಂದು ರಾತ್ರಿ, ಊರು ಮಲಗಿದ್ದಾಗ, ಟ್ಯೂನಿಸ್‌ನ ಕಡಲ್ಗಳ್ಳರು ದಂಡೆಗೆ ಇಳಿದರು. ಹೆಂಗಸರು, ಮಕ್ಕಳು, ಮುದುಕರೆನ್ನದೆ ಸುಮಾರು 900 ಜನರನ್ನು ಹಡಗಿಗೆ ತುಂಬಿಕೊಂಡು ಹೋದರು. ಯಾವ ತೀರದ ಕಾಟಕ್ಕೆ ಅವರ ಅಜ್ಜಂದಿರು ಊರು ಬಿಟ್ಟಿದ್ದರೋ, ಅದೇ ತೀರಕ್ಕೆ ಗುಲಾಮರಾಗಿ! ಐದು ವರ್ಷ ಮಾತುಕತೆ ನಡೆದು, ಹಣ ತೆತ್ತ ಮೇಲೆ, 1803ರಲ್ಲಿ ಉಳಿದವರು ಮನೆಗೆ ಬಂದರು. ಊರಿನ ಮೇಲ್ಭಾಗದಲ್ಲಿ ಈಗ ಕಾಣುವ ಕೋಟೆಗೋಡೆ ಆ ರಾತ್ರಿಯ ಭಯದಿಂದಲೇ ಎದ್ದದ್ದು.

ಸೆರೆಯಲ್ಲಿದ್ದವನೊಬ್ಬನಿಗೆ ಅಲ್ಲಿನ ಕಡಲ ದಂಡೆಯ ಬಳಿ ಕಪ್ಪು ಮರದ ಒಂದು ಚಿಕ್ಕ ಮೂರ್ತಿ ಸಿಕ್ಕಿತು. ಯಾವುದೋ ಹಡಗಿನ ಮೂತಿಗೆ ಹಚ್ಚಿದ್ದ ಬೊಂಬೆ ಇರಬೇಕು ಎಂದು ಹೇಳುತ್ತಾರೆ. ಸೆರೆಯಾಳುಗಳಿಗೆ ಅದು ಮೇರಿಮಾತೆಯೇ ಆಯಿತು. ವಾಪಸ್ ಬರುವಾಗ ಜೊತೆಗೇ ತಂದರು. ಈಗ ಕಿರಿದಾದ ಓಣಿಯೊಂದರ ಸಣ್ಣ ಚರ್ಚಿನಲ್ಲಿ ಅದಿದೆ. ಹೆಸರು 'ಗುಲಾಮನ ತಾಯಿ'. ನವೆಂಬರ್ 15 ಅವಳ ಹಬ್ಬ. ಕಾರ್ಲೊಫೋರ್ಟೆಯಲ್ಲಿ ಒಂದೇ ಒಂದು ಕಡೆ ಹೋಗಲು ಸಮಯವಿದ್ದರೆ ನಾನು ಹೇಳುವುದು ಈ ಚರ್ಚನ್ನೇ.

ಉಳಿದದ್ದು ನೋಡಲು ಒಂದು ದಿನ ಸಾಕು. ಹಳೆಯ ಕಾವಲು ಗೋಪುರ ಸಾನ್ ವಿತ್ತೋರಿಯೊ 1899ರಿಂದ ನಕ್ಷತ್ರ ನೋಡುವ ಕೇಂದ್ರವಾಗಿತ್ತು. ಜಪಾನಿನ ಮಿಜುಸಾವಾ ಸೇರಿ, ಒಂದೇ ಅಕ್ಷಾಂಶದ ಮೇಲಿನ ಆರು ಕೇಂದ್ರಗಳು ಭೂಮಿಯ ಅಕ್ಷದ ಓಲಾಟವನ್ನು ಅಳೆಯುತ್ತಿದ್ದವು. ಪಶ್ಚಿಮದ ತುದಿಯಲ್ಲಿ ಕಾಪೊ ಸಾಂದಾಲೊ ದೀಪಸ್ತಂಭವಿದೆ. ಅಲ್ಲಿನ ಬಂಡೆಗಳಲ್ಲಿ ಎಲಿಯೊನೋರಾ ಚಾಣ ಎಂಬ ಗಿಡುಗದಂಥ ಬೇಟೆಹಕ್ಕಿಗಳು ಗೂಡು ಕಟ್ಟುತ್ತವೆ, ಚಳಿಗಾಲಕ್ಕೆ ಮಡಗಾಸ್ಕರ್ ಸೇರುತ್ತವೆ. ರೋಮನ್ನರು ಈ ದ್ವೀಪವನ್ನು ಗಿಡುಗಗಳ ದ್ವೀಪ ಎಂದು ಕರೆದದ್ದು ಸುಮ್ನೆ ಅಲ್ಲ.

ಮೇ-ಜೂನ್‌ನಲ್ಲಿ ಟ್ಯೂನಾ ಮೀನುಗಳು ಈ ದಾರಿಯಾಗಿ ಸಾಗುತ್ತವೆ. ಕಡಲೊಳಗೆ ಬಲೆಯಲ್ಲೇ ಕೋಣೆಗಳನ್ನು ಕಟ್ಟಿ, ಮೀನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಾ ಕೊನೆಯ 'ಸಾವಿನ ಕೋಣೆ'ಗೆ ತರುವ ಹಳೆಯ ಪದ್ಧತಿ ಇಟಲಿಯಲ್ಲಿ ಈಗ ಬೆರಳೆಣಿಕೆಯಷ್ಟು ಕಡೆ ಮಾತ್ರ ಉಳಿದಿದೆ. ಕಾರ್ಲೊಫೋರ್ಟೆ ಅದರಲ್ಲೊಂದು.

ಊಟಕ್ಕೆ ಕೂತರೆ ಜೆನೊವಾದ ಕಡಲೆಹಿಟ್ಟಿನ ಫರಿನಾತಾ ಸಿಗುತ್ತದೆ. ಪಕ್ಕದಲ್ಲೇ 'ಕಸ್ಕಾ'. ಅಂದರೆ ರವೆಯನ್ನು ಹಬೆಯಲ್ಲಿ ಬೇಯಿಸಿ ತರಕಾರಿ ಬೆರೆಸಿದ ಕುಸ್ಕುಸ್, ಟ್ಯುನೀಷಿಯಾದ ಅಡುಗೆ. ಸೆರೆ ಹಿಡಿದ ನೆಲದ ಮೇಲಿನ ಸಿಟ್ಟು ಅಡುಗೆಮನೆಯ ತನಕ ಬರಲಿಲ್ಲ ನೋಡಿ. ಕಾರ್ಲೊಫೋರ್ಟೆ ಎಂಬುದು ನಕ್ಷೆಯ ಹೆಸರು, ಅಷ್ಟೇ. ತಬರ್ಕೀನೊದಲ್ಲಿ ಇಲ್ಲಿನವರು ಅದನ್ನು ಕರೆಯುವುದು 'ಉ ಪಾಯಿಜೆ' ಅಂತ. ಅಂದರೆ, ಊರು.