‘ಪಿ53 ಪಾಸಿಟಿವ್’ ಅಂದರೆ ಏನು?

ಅನ್ನನಾಳದ ಕ್ಯಾನ್ಸರ್ ಇರುವವರ ಬಯಾಪ್ಸಿ ರಿಪೋರ್ಟಿನಲ್ಲಿ ಕೆಲವೊಮ್ಮೆ ‘ಪಿ53 ಪಾಸಿಟಿವ್’ ಎಂಬ ಸಾಲು ಇರುತ್ತದೆ. ಮನೆಯವರು ಮೊಬೈಲಿನಲ್ಲಿ ಹುಡುಕಿದರೆ, ಪಿ53 ಎಂದರೆ ಕ್ಯಾನ್ಸರ್ ತಡೆಯುವ ಪ್ರೊಟೀನ್ ಎಂದು ಸಿಗುತ್ತದೆ. ತಡೆಯುವ ಪ್ರೊಟೀನೇ ಜಾಸ್ತಿ ಇದೆ ಎಂದಮೇಲೆ ಒಳ್ಳೆಯದೇ ಅಲ್ವಾ? ಹಾಗೆ ಅನ್ನಿಸುವುದು ಸಹಜ. ಆದರೆ ನಿಜ ಸಂಗತಿ ಉಲ್ಟಾ.

ಜೀವಕೋಶ ಅಡ್ಡಾದಿಡ್ಡಿ ಬೆಳೆಯದಂತೆ ನೋಡಿಕೊಳ್ಳುವ ಪ್ರೊಟೀನ್‌ಗಳಿಗೆ ‘ಟ್ಯೂಮರ್ ಸಪ್ರೆಸರ್’ ಎನ್ನುತ್ತಾರೆ. ಗಡ್ಡೆ ಏಳದಂತೆ ತಡೆಯುವವು ಎಂದರೆ ಸಾಕು. ಪಿ16, ಆರ್‌ಬಿ ಎಂಬವೂ ಈ ಗುಂಪಿನವೇ. ಅವುಗಳಲ್ಲಿ ಹೆಚ್ಚು ಹೆಸರುವಾಸಿಯಾದದ್ದು ಪಿ53. ಡಿಎನ್‌ಎಗೆ ಪೆಟ್ಟು ಬಿದ್ದರೆ ಅದು ಎಚ್ಚೆತ್ತುಕೊಳ್ಳುತ್ತದೆ. ಕೋಶ ಒಡೆದು ಎರಡಾಗುವುದನ್ನು ನಿಲ್ಲಿಸಿ, ರಿಪೇರಿಗೆ ಸಮಯ ಕೊಡುತ್ತದೆ. ರಿಪೇರಿ ಆಗದಷ್ಟು ಕೆಟ್ಟಿದ್ದರೆ ಕೋಶವನ್ನೇ ಸಾಯಿಸುತ್ತದೆ. 1979ರಲ್ಲಿ ಇದನ್ನು ಕಂಡುಹಿಡಿದಾಗ ಕ್ಯಾನ್ಸರ್ ತರುವುದೇ ಇದು ಎಂದುಕೊಂಡಿದ್ದರು! ಸುಮಾರು ಹತ್ತು ವರ್ಷ ಆದಮೇಲೆ, 1989ರಲ್ಲಿ, ಇದು ತಡೆಯುವ ಕಡೆಯದು ಎಂದು ಗೊತ್ತಾಯಿತು. ಅಷ್ಟು ದಿನ ಲ್ಯಾಬುಗಳಲ್ಲಿ ನೋಡುತ್ತಿದ್ದದ್ದು ಕೆಟ್ಟುಹೋದ ಪಿ53ಯನ್ನು. ರಿಪೋರ್ಟು ಓದುವಾಗ ನಾವು ಮಾಡುವ ತಪ್ಪಿಗೂ ಇದೇ ಕಾರಣ.

ಆರೋಗ್ಯವಾಗಿರುವ ಕೋಶದಲ್ಲಿ ಪಿ53 ಬಹಳ ಹೊತ್ತು ಉಳಿಯುವುದಿಲ್ಲ. ತಯಾರಾದ ಸ್ವಲ್ಪ ಹೊತ್ತಿಗೇ ಎಂಡಿಎಂ2 ಎಂಬ ಇನ್ನೊಂದು ಪ್ರೊಟೀನ್ ಅದನ್ನು ಕಸಕ್ಕೆ ಹಾಕಿಸುತ್ತದೆ. ತಮಾಷೆ ಎಂದರೆ, ಎಂಡಿಎಂ2 ತಯಾರಾಗಲು ಹೇಳುವುದೂ ಪಿ53ಯೇ. ಈಗ ಪಿ53 ತಯಾರಿಸಲು ಬೇಕಾದ ಟಿಪಿ53 ಜೀನಿನಲ್ಲಿ ಒಂದು ಅಕ್ಷರ ತಪ್ಪಿತು ಎನ್ನಿ. ಪ್ರೊಟೀನ್ ತಯಾರಾಗುತ್ತದೆ, ಕೆಲಸ ಮಾತ್ರ ಬರುವುದಿಲ್ಲ. ಎಂಡಿಎಂ2ಗೆ ಸರಿಯಾಗಿ ಸೂಚನೆ ಹೋಗುವುದಿಲ್ಲ, ಕಸ ಹೊರಗೆ ಹೋಗುವುದಿಲ್ಲ. ಕೆಟ್ಟ ಪಿ53 ಕೋಶದೊಳಗೆ ರಾಶಿ ಬೀಳುತ್ತದೆ. ಬಯಾಪ್ಸಿಯ ತುಣುಕಿಗೆ ಬಣ್ಣ ಹಾಕಿದಾಗ ಕಾಣುವ ದಟ್ಟ ಕಂದು ಈ ರಾಶಿಯದೇ. ರಿಪೋರ್ಟಿನ ‘ಪಾಸಿಟಿವ್’ ಎಂದರೆ ಇದೇ.

ಅದು ಸುಮ್ನೆ ಬಿದ್ದಿರುವುದೂ ಇಲ್ಲ. ಪಿ53 ಕೆಲಸ ಮಾಡುವುದು ನಾಲ್ಕು ನಾಲ್ಕು ಸೇರಿ. ಕೆಟ್ಟದ್ದು ಒಂದು ಸೇರಿಕೊಂಡರೆ ಉಳಿದವುಗಳ ಕೆಲಸವೂ ಕೆಡಬಹುದು. ಕೆಲವು ಬಗೆಯ ಕೆಟ್ಟ ಪಿ53ಗಳು ಗಡ್ಡೆ ಬೆಳೆಯಲು ನೆರವಾಗುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಹಾಗಾದರೆ ‘ನೆಗೆಟಿವ್’ ಬಂದರೆ ನಿಶ್ಚಿಂತೆಯೇ? ಅದೂ ಅಲ್ಲ. ಜೀನ್ ಪೂರ್ತಿ ಮುರಿದಿದ್ದರೆ ಪ್ರೊಟೀನ್ ತಯಾರಾಗುವುದೇ ಇಲ್ಲ, ಗಡ್ಡೆಯಲ್ಲಿ ಬಣ್ಣವೇ ಹತ್ತುವುದಿಲ್ಲ. ಅಲ್ಲೊಂದು ಇಲ್ಲೊಂದು ಕೋಶದಲ್ಲಿ ತೆಳುವಾಗಿ ಬಣ್ಣ ಕಂಡರೆ ಅದು ಸಹಜ. ಈ ಕಾರಣಕ್ಕೆ ಈಗ ಅನೇಕ ಪೆಥಾಲಜಿಸ್ಟರು (ಬಯಾಪ್ಸಿ ನೋಡಿ ರಿಪೋರ್ಟು ಬರೆಯುವ ಡಾಕ್ಟರುಗಳು) ಪಾಸಿಟಿವ್, ನೆಗೆಟಿವ್ ಎನ್ನುವ ಬದಲು ‘ಅಸಹಜ’, ‘ಸಹಜ’ ಎಂದು ಬರೆಯುತ್ತಾರೆ. ನನಗೆ ಇದೇ ಸರಿ ಎನ್ನಿಸುತ್ತದೆ.

ಇನ್ನು ‘ಪ್ರಾಗ್ನೋಸಿಸ್’. ಕಾಯಿಲೆ ಮುಂದೆ ಹೇಗೆ ಸಾಗಬಹುದು ಎಂಬ ಅಂದಾಜಿಗೆ ಡಾಕ್ಟರುಗಳು ಬಳಸುವ ಮಾತು. ಪಿ53 ಅಸಹಜ ಇದ್ದವರು ಕಡಿಮೆ ಕಾಲ ಬದುಕಿದರು ಎಂದು ಅನ್ನನಾಳದ ಕ್ಯಾನ್ಸರಿನ ಹಲವು ಅಧ್ಯಯನಗಳು ಹೇಳಿವೆ. ವ್ಯತ್ಯಾಸವೇ ಕಾಣಲಿಲ್ಲ ಎಂದವೂ ಇವೆ. ಎಷ್ಟು ಕೋಶಗಳಿಗೆ ಬಣ್ಣ ಹತ್ತಿದರೆ ಪಾಸಿಟಿವ್ ಎಂಬ ಲೆಕ್ಕವೇ ಒಬ್ಬೊಬ್ಬರದು ಒಂದೊಂದು. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಭಾರತದಲ್ಲಿ ಹೆಚ್ಚಾಗಿ ಕಾಣುವ, ತಂಬಾಕು ಮತ್ತು ಮದ್ಯದ ಜೊತೆ ನಂಟಿರುವ ಸ್ಕ್ವೇಮಸ್ ಬಗೆಯಲ್ಲಿ (ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್) ಬಹುಪಾಲು ಗಡ್ಡೆಗಳಲ್ಲಿ ಟಿಪಿ53 ಕೆಟ್ಟೇ ಇರುತ್ತದೆ. ಕ್ಲಾಸಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಫೇಲಾದ ಪೇಪರ್ ಇಟ್ಟುಕೊಂಡು ಯಾರು ಮುಂದೆ, ಯಾರು ಹಿಂದೆ ಎಂದು ಹೇಗೆ ಹೇಳುವುದು? ಅದಕ್ಕೇ ಡಾಕ್ಟರು ಮೊದಲು ನೋಡುವುದು ಹಂತವನ್ನು: ಗಡ್ಡೆ ಅನ್ನನಾಳದ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಹೋಗಿದೆಯೇ, ಬೇರೆ ಅಂಗಕ್ಕೆ ಹರಡಿದೆಯೇ.

ಪಿ53 ಪರೀಕ್ಷೆ ಹೆಚ್ಚು ಉಪಯೋಗಕ್ಕೆ ಬರುವುದು ಕ್ಯಾನ್ಸರ್ ಬರುವ ಮುಂಚೆ. ವರ್ಷಗಟ್ಟಲೆ ಆಸಿಡ್ ಮೇಲೆ ಬಂದು ಅನ್ನನಾಳದ ಒಳಪದರ ಬದಲಾಗುವುದಕ್ಕೆ ‘ಬ್ಯಾರೆಟ್ಸ್’ ಎನ್ನುತ್ತಾರೆ. ಆ ಪದರ ಕೆಡಲು ಶುರುವಾಗಿದೆಯೇ ಎಂದು ಪೆಥಾಲಜಿಸ್ಟರಿಗೇ ಅನುಮಾನ ಇದ್ದಾಗ ಪಿ53 ಬಣ್ಣ ಹಾಕಿ ನೋಡುತ್ತಾರೆ. ಅಸಹಜ ಎಂದು ಬಂದರೆ, ಅಂಥವರನ್ನು ಮುಂದಿನ ಎಂಡೋಸ್ಕೋಪಿಗೆ ಬೇಗನೆ ಕರೆಯುತ್ತಾರೆ.