ಓದುಗರ ಪ್ರಶ್ನೆ: ಓಟ, ಲಾಗ, ಕರಾಟೆ – ಮೈದಾನವಿಲ್ಲದ ಶಾಲೆಯಲ್ಲಿ ಮೊದಲು ಯಾವುದು?

ಪ್ರಶ್ನೆ: ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೇನೆ. ನಾಲ್ಕರಿಂದ ಏಳನೇ ತರಗತಿಯವರೆಗೆ ನನ್ನ ಪಾಲು. ತರಗತಿಗೆ 45 ಮಕ್ಕಳು, ವಾರಕ್ಕೆ 40 ನಿಮಿಷದ ಎರಡು ಪೀರಿಯಡ್. ಮೈದಾನವಿಲ್ಲ. ಇರುವುದು ಪ್ರಾರ್ಥನೆಗೆ ನಿಲ್ಲುವ ಸಿಮೆಂಟ್ ಅಂಗಳ, ನಾಲ್ಕು ಹಳೆಯ ಮ್ಯಾಟುಗಳು, ಮೂಲೆಯಲ್ಲೊಂದು ಮರಳಿನ ಗುಂಡಿ. ಅಥ್ಲೆಟಿಕ್ಸ್, ಜಿಮ್ನಾಸ್ಟಿಕ್ಸ್, ಕರಾಟೆ ಮೂರನ್ನೂ ಕಲಿಸಿ, ವಾರ್ಷಿಕೋತ್ಸವದಲ್ಲಿ ಪ್ರದರ್ಶನ ಕೊಡಿಸಿ ಎಂದು ಆಡಳಿತ ಮಂಡಳಿ ಹೇಳುತ್ತಿದೆ. ಯಾವುದರಿಂದ ಶುರು ಮಾಡಲಿ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಪೋಷಕರಾದರೆ ‘ಮಗಳನ್ನು ಕರಾಟೆಗೆ ಹಾಕಲೋ ಜಿಮ್ನಾಸ್ಟಿಕ್ಸ್‌ಗೆ ಹಾಕಲೋ’ ಎನ್ನುತ್ತಾರೆ. ನಿಮಗೆ ಮೂರನ್ನೂ ಒಟ್ಟಿಗೆ ತಲೆಗೆ ಕಟ್ಟಿದ್ದಾರೆ. ನನ್ನ ಉತ್ತರ ಇಬ್ಬರಿಗೂ ಒಂದೇ: ಮೂರನ್ನೂ ಸದ್ಯಕ್ಕೆ ಬದಿಗಿಟ್ಟು, ಮಕ್ಕಳಿಗೆ ನೆಲಕ್ಕೆ ಇಳಿಯುವುದನ್ನು ಕಲಿಸಿ. ಜಿಗಿದಾಗ ಕಾಲ ಮೇಲೆ ಇಳಿಯುವುದು, ಬಾಗಿದಾಗ ಬೆನ್ನ ಮೇಲೆ ಉರುಳುವುದು, ಆಯ ತಪ್ಪಿದಾಗ ಪೆಟ್ಟಾಗದಂತೆ ಬೀಳುವುದು. ಜೂನ್, ಜುಲೈ ಎರಡೂ ತಿಂಗಳು ಇದಕ್ಕೇ ಹೋದರೂ ಚಿಂತೆಯಿಲ್ಲ.

ಆಡಳಿತ ಮಂಡಳಿಯವರು ಹುಬ್ಬು ಗಂಟಿಕ್ಕಿದರೆ ಕ್ರೀಡೆಗಳ ನಿಯಮವನ್ನೇ ಅವರ ಮುಂದಿಡಿ. ಉದ್ದ ಜಿಗಿತದಲ್ಲಿ ಅಳತೆ ಹಿಡಿಯುವುದು ಹಲಗೆಗೆ ಅತಿ ಹತ್ತಿರ ಮೂಡಿದ ಮರಳಿನ ಗುರುತಿಗೆ. ಹುಡುಗ ಎಷ್ಟೇ ಚೆನ್ನಾಗಿ ಹಾರಲಿ, ಇಳಿದ ಮೇಲೆ ಹಿಂದಕ್ಕೆ ವಾಲಿ ಕೈ ಊರಿದನೆಂದರೆ ಲೆಕ್ಕಕ್ಕೆ ಬರುವುದು ಆ ಕೈಯ ಗುರುತು. ಜಿಮ್ನಾಸ್ಟಿಕ್ಸ್‌ನಲ್ಲಿ ಇಳಿದಾಗ ಒಂದು ಸಣ್ಣ ಹೆಜ್ಜೆ ತಪ್ಪಿದರೆ 0.1 ಅಂಕ, ದೊಡ್ಡ ಹೆಜ್ಜೆಗೆ 0.3, ಬಿದ್ದರೆ ಇಡೀ 1 ಅಂಕ ಕಡಿತ. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ (ಓಡಿ ಬಂದು ಮೇಜಿನಂಥ ಸಾಧನದ ಮೇಲೆ ಕೈ ಊರಿ ಹಾರುವ ಸ್ಪರ್ಧೆ) ಫೈನಲ್‌ನಲ್ಲಿ ದೀಪಾ ಕರ್ಮಾಕರ್ ಪ್ರೊಡುನೋವಾದಂಥ ಕಠಿಣ ಕಸರತ್ತನ್ನು ಗಾಳಿಯಲ್ಲಿ ಪೂರೈಸಿ, ಇಳಿಯುವಾಗ ತೀರ ತಗ್ಗಿ ಕುಳಿತಂತಾದರು. 15.066 ಅಂಕಗಳೊಂದಿಗೆ ನಾಲ್ಕನೆಯವರಾದರು. ಕಂಚು ಕೈತಪ್ಪಿದ್ದು 0.15 ಅಂಕದಿಂದ. ಇನ್ನು ಸಮರಕಲೆ. 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಎಂಬ ತರಬೇತಿ ಶಾಲೆ ಸ್ಥಾಪಿಸಿ ಜೂಡೊಗೆ ರೂಪ ಕೊಟ್ಟ ಜಿಗೊರೊ ಕಾನೊ ವೃತ್ತಿಯಿಂದ ಶಿಕ್ಷಕ, ಶಿಕ್ಷಕರ ತರಬೇತಿ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. ಜೂಡೊದಲ್ಲಿ ಎದುರಾಳಿಯನ್ನು ಎತ್ತಿ ಕೆಡವುವುದಕ್ಕಿಂತ ಮೊದಲು ಕಲಿಸುವುದು ‘ಉಕೆಮಿ’, ಎಂದರೆ ತಾನು ಬೀಳುವ ಕ್ರಮ. ಗರಡಿಮನೆಯ ಉಸ್ತಾದರಿಗೂ ಇದು ಗೊತ್ತಿದ್ದದ್ದೇ. ಮಟ್ಟಿಯ ಮಣ್ಣನ್ನು ಅಗೆದು ಹದ ಮಾಡದೆ ಅಲ್ಲಿ ಜೋಡಿ ಬಿಡುವುದಿಲ್ಲ.

ಕಾಲ ಮೇಲೆ ಇಳಿಯುವುದಕ್ಕೆ ನಿಮ್ಮ ಸಿಮೆಂಟ್ ಅಂಗಳ ಸಾಕು, ಎತ್ತರ ಮಾತ್ರ ಬೇಡ. ಸೀಮೆಸುಣ್ಣದಲ್ಲಿ ಐದು ಗೆರೆ ಎಳೆದು ಒಂದೊಂದರ ಮೇಲೆ ಒಂಬತ್ತು ಮಕ್ಕಳನ್ನು ನಿಲ್ಲಿಸಿ. ನಿಂತಲ್ಲಿಂದಲೇ ಒಂದು ಗೇಣು ಜಿಗಿದು, ಎರಡೂ ಪಾದಗಳನ್ನು ಒಟ್ಟಿಗೆ ಊರಿ, ಮಂಡಿ ಬಗ್ಗಿಸಿ, ಕೈಗಳನ್ನು ಮುಂದೆ ಚಾಚಿ, ಮೂರು ಎಣಿಸುವವರೆಗೆ ಅಲುಗಾಡದೆ ನಿಲ್ಲಬೇಕು. ನೆಲ ಮುಟ್ಟುವುದು ಮೊದಲು ಮುಂಗಾಲು, ಹಿಂದೆಯೇ ಹಿಮ್ಮಡಿ. ನಿಮ್ಮ ಕಣ್ಣಿರಬೇಕಾದದ್ದು ಮಂಡಿಯ ಮೇಲೆ. ಮಂಡಿಚಿಪ್ಪು ಕಾಲ್ಬೆರಳುಗಳ ದಿಕ್ಕಿಗೇ ನೋಡುತ್ತಿರಬೇಕು. ಎರಡು ಮಂಡಿಗಳು ಒಳಕ್ಕೆ ವಾಲಿ ಒಂದನ್ನೊಂದು ತಾಗುವಂತಿದ್ದರೆ ಅಲ್ಲೇ ತಿದ್ದಿ. ಹದಿಹರೆಯದ ಆಟಗಾರ್ತಿಯರಲ್ಲಿ ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವ ಸಂಭವ ಹುಡುಗರಿಗಿಂತ ಹೆಚ್ಚು. ಇಳಿಯುವಾಗ ಮಂಡಿ ಹೀಗೆ ಒಳವಾಲುವುದು ಅದರ ಕಾರಣಗಳಲ್ಲೊಂದು. ಆರು, ಏಳನೇ ತರಗತಿಯಲ್ಲಿ ತಿದ್ದುವುದು ಸುಲಭ, ಕಾಲೇಜಿನಲ್ಲಿ ಕಷ್ಟ.

45 ಮಕ್ಕಳನ್ನು ಒಬ್ಬರೇ ನೋಡುವುದು ಹೇಗೆ ಎನ್ನುತ್ತೀರಿ. ಕಿವಿಯಿಂದ. ಧಪ್ಪೆಂದು ಸದ್ದಾದರೆ ಅಲ್ಲಿ ಯಾರದೋ ಕಾಲು ಸೆಟೆದಿದೆ ಎಂದೇ ಅರ್ಥ. ಬೆನ್ನು ತಿರುಗಿಸಿಕೊಂಡಿದ್ದರೂ ಯಾವ ಸಾಲಿನಿಂದ ಬಂತೆಂದು ತಿಳಿಯುತ್ತದೆ. ‘ಸದ್ದಿಲ್ಲದೆ ಇಳಿಯಿರಿ’ ಎಂಬ ಒಂದೇ ಸೂಚನೆ ಮಾಡುವ ಕೆಲಸವನ್ನು ಕೀಲು, ಸ್ನಾಯುಗಳ ಉಪನ್ಯಾಸ ಮಾಡುವುದಿಲ್ಲ. ನಿಂತ ಜಿಗಿತ ಹದಕ್ಕೆ ಬಂದ ಮೇಲೆ ಒಂದು ಮೆಟ್ಟಿಲಿನಷ್ಟು ಎತ್ತರದಿಂದ ಇಳಿಸಿ, ಆಮೇಲೆ ಜಿಗಿದು ಕಾಲುಸುತ್ತು ತಿರುಗಿ ಇಳಿಸಿ. ನಡುನಡುವೆ ಕುಂಟೆಬಿಲ್ಲೆ ಆಡಿಸಿ. ಒಂದು ಕಾಲಲ್ಲಿ ಜಿಗಿದು, ಗೆರೆ ತುಳಿಯದೆ ನಿಂತು, ಬಗ್ಗಿ ಬಿಲ್ಲೆ ಎತ್ತಿಕೊಳ್ಳುವ ಆ ಆಟದಲ್ಲಿ ಟ್ರಿಪಲ್ ಜಂಪ್‌ನ ಮೊದಲ ಪಾಠ ಅಡಗಿದೆ. ಹುಡುಗರು ಅದು ಹುಡುಗಿಯರ ಆಟವೆಂದು ಮೂಗು ಮುರಿದರೆ, ಮೊದಲು ಅವರನ್ನೇ ಆಡಲು ಬಿಡಿ. ಮೂರನೇ ಮನೆ ದಾಟುವುದರೊಳಗೆ ಗೊತ್ತಾಗುತ್ತದೆ.

ಮರಳಿನ ಗುಂಡಿ ಇದೆ ಎಂದಿದ್ದೀರಿ. ಅದರಲ್ಲಿರುವುದು ಯಾವ ಮರಳು ಎಂದು ಒಮ್ಮೆ ಮುಷ್ಟಿಯಲ್ಲಿ ಹಿಡಿದು ನೋಡಿ. ಬೆಂಗಳೂರಿನಲ್ಲಿ ಈಗ ಕಟ್ಟಡಕ್ಕೆ ತರಿಸಿ ಉಳಿದದ್ದನ್ನು ಗುಂಡಿಗೆ ಸುರಿಯುವುದೇ ಹೆಚ್ಚು, ಅದು ಬಹುತೇಕ ಎಂ-ಸ್ಯಾಂಡ್. ಕಲ್ಲು ಪುಡಿ ಮಾಡಿ ತಯಾರಿಸಿದ ಆ ಮರಳಿನ ಕಣಗಳಿಗೆ ಅಂಚುಗಳಿರುತ್ತವೆ. ಒಂದು ಮಳೆ ಬಿದ್ದರೆ ಗಟ್ಟಿಯಾಗಿ ಕೂರುತ್ತದೆ, ಚರ್ಮವನ್ನೂ ತರಚುತ್ತದೆ. ನದಿ ಮರಳು ಸಿಗದಿದ್ದರೆ ಇರುವುದನ್ನೇ ಪ್ರತಿ ಪೀರಿಯಡ್‌ಗೆ ಮುಂಚೆ ಒಂದು ಮೊಳ ಆಳಕ್ಕೆ ಅಗೆಸಿ, ಕಲ್ಲು, ಗಾಜಿನ ಚೂರು ಆರಿಸಿಸಿ. ರಾತ್ರಿ ಬೆಕ್ಕುಗಳು ಆ ಗುಂಡಿಯನ್ನು ಯಾವುದಕ್ಕೆ ಬಳಸುತ್ತವೆಂದು ಎಲ್ಲ ಪಿ.ಟಿ. ಮೇಷ್ಟ್ರುಗಳಿಗೂ ಗೊತ್ತು, ಮೇಲೊಂದು ಟಾರ್ಪಾಲ್ ಹೊದಿಸಿ.

ಈಗ ಬೆನ್ನು. ಮುಂದಕ್ಕೆ ಲಾಗ ಹಾಕುವುದನ್ನು ಹೆಚ್ಚಿನವರು ಕಲಿಸುವ ರೀತಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಮಗುವನ್ನು ಬಗ್ಗಿಸಿ, ನೆತ್ತಿಯನ್ನು ಮ್ಯಾಟಿಗೆ ಊರಿಸಿ, ಹಿಂದಿನಿಂದ ತಳ್ಳುತ್ತಾರೆ. ನೆತ್ತಿಯ ಮೇಲೆ ಭಾರ ಬಿದ್ದರೆ ಅದು ನೇರ ಕತ್ತಿಗೆ ಹೋಗುತ್ತದೆ. ಲಾಗದಲ್ಲಿ ನೆತ್ತಿ ನೆಲ ಮುಟ್ಟಲೇ ಕೂಡದು. ತಲೆಯ ಹಿಂಭಾಗ ಮ್ಯಾಟನ್ನು ಸವರಿದರೆ ಸವರಲಿ, ಭಾರ ಹೊರಬೇಕಾದದ್ದು ಮೊದಲು ಅಂಗೈಗಳು, ಆಮೇಲೆ ಭುಜದ ಹಿಂಬದಿ.

ಆದ್ದರಿಂದ ಲಾಗವನ್ನು ಕೊನೆಯಿಂದ ಶುರು ಮಾಡಿ. ಮಗು ಮ್ಯಾಟಿನ ಮೇಲೆ ಕುಳಿತು, ಮಂಡಿಗಳನ್ನು ಎದೆಗೆ ಅಪ್ಪಿಕೊಂಡು, ಗದ್ದವನ್ನು ಎದೆಗೆ ಒತ್ತಿ, ಬೆನ್ನ ಮೇಲೆ ತೊಟ್ಟಿಲಿನಂತೆ ಹಿಂದೆ ಮುಂದೆ ತೂಗಲಿ. ತೂಗುವಾಗ ‘ಟಪ್’ ಎಂದು ಬೆನ್ನು ಬಡಿದರೆ ಅದು ಇನ್ನೂ ಗುಂಡಾಗಿಲ್ಲ. ಗದ್ದದ ಕೆಳಗೆ ಒಂದು ಕರವಸ್ತ್ರ ಇಟ್ಟು, ಅದು ಬೀಳದಂತೆ ತೂಗು ಎಂದರೆ ಹತ್ತು ವರ್ಷದ ಮಗುವಿಗೂ ವಿಷಯ ತಿಳಿಯುತ್ತದೆ. ಮುಂದಿನ ವಾರ ಅದೇ ತೂಗಿನಿಂದ ಕೈ ಊರದೆ ಎದ್ದು ನಿಲ್ಲಲಿ. ಕೈ ಊರದೆ ಏಳಬೇಕಾದರೆ ಹಿಮ್ಮಡಿಗಳು ಪೃಷ್ಠದ ಸಮೀಪ ಬರಲೇಬೇಕು. ಕಾಲು ಚಾಚಿ ದೊಪ್ಪನೆ ಬೀಳುವ ದೋಷ ತಾನಾಗಿಯೇ ಹೋಗುತ್ತದೆ. ಅದಾದ ಮೇಲೆ ಮ್ಯಾಟಿನ ಒಂದು ತುದಿಯ ಕೆಳಗೆ ಇನ್ನೊಂದು ಮ್ಯಾಟನ್ನು ಮಡಚಿ ಇಟ್ಟು ಇಳಿಜಾರು ಮಾಡಿ, ಎತ್ತರದ ತುದಿಯಿಂದ ಉರುಳಿಸಿ. ಕುಕ್ಕರುಗಾಲಲ್ಲಿ ಕುಳಿತು, ಭುಜದಗಲಕ್ಕೆ ಅಂಗೈ ಊರಿ, ಸೊಂಟ ಎತ್ತಿ, ತನ್ನ ಹೊಟ್ಟೆಯನ್ನೇ ನೋಡುತ್ತಾ ಉರುಳಬೇಕು. ನೀವು ಪಕ್ಕದಲ್ಲಿ ಮಂಡಿಯೂರಿ ಕುಳಿತು, ಒಂದು ಕೈಯನ್ನು ತಲೆಯ ಹಿಂದೆ, ಇನ್ನೊಂದನ್ನು ತೊಡೆಯ ಹಿಂದೆ ಹಿಡಿಯಿರಿ. ತಳ್ಳಬೇಡಿ, ಅಂಜುವ ಮಗು ತೂಗುವುದಕ್ಕೇ ವಾಪಸ್ ಹೋಗಲಿ. ಸಮತಟ್ಟಾದ ಮ್ಯಾಟಿನ ಮೇಲೆ ಲಾಗ ಬರುವುದು ಇಷ್ಟೆಲ್ಲ ಆದ ಮೇಲೆ. ಹಿಂದಕ್ಕೆ ಹಾಕುವ ಲಾಗದಲ್ಲಿ ಕತ್ತಿನ ಮೇಲೆ ಒತ್ತಡ ಹೆಚ್ಚು, ಈ ವರ್ಷ ಅದನ್ನು ಬಿಟ್ಟೇಬಿಡಿ.

ನಾಲ್ಕು ಮ್ಯಾಟಿಗೆ 20 ಮಕ್ಕಳಿಗಿಂತ ಹೆಚ್ಚು ಬೇಡ. ಉಳಿದ 25 ಮಂದಿ ಗೋಡೆಗೊರಗಿ ಕೂರುವುದೂ ಬೇಡ. ಅವರಿಗೆ ಅಂಗೈ, ಪಾದ ಊರಿ ಕರಡಿ ನಡಿಗೆ, ಹಗ್ಗದಾಟ ಕೊಡಿ. ಮುಂದೆ ಕೈ ಮೇಲೆ ನಿಲ್ಲುವುದಕ್ಕೂ ಚಕ್ರ ಹೊಡೆಯುವುದಕ್ಕೂ ಬೇಕಾದ ಭುಜಬಲ ಕರಡಿ ನಡಿಗೆಯಿಂದಲೇ ಬರುತ್ತದೆ.

ಮೂರನೆಯದು ಬೀಳುವುದು. ಬೀಳುವಾಗ ಕೈ ಚಾಚಿ ನೆಲಕ್ಕೆ ಊರುವುದು ಸಹಜ, ಮಕ್ಕಳ ಮಣಿಕಟ್ಟು ಮುರಿಯುವುದೂ ಹೆಚ್ಚಾಗಿ ಹಾಗೆಯೇ. ಹಿಂದಕ್ಕೆ ಬೀಳುವಾಗ ಗದ್ದ ಎದೆಗೆ, ಕಣ್ಣು ಸೊಂಟದ ಪಟ್ಟಿಯ ಮೇಲೆ, ಎರಡೂ ತೋಳುಗಳು ಮೈಯಿಂದ ಸುಮಾರು 45 ಡಿಗ್ರಿ ದೂರದಲ್ಲಿ ಅಂಗೈಯಿಂದ ಮೊಣಕೈವರೆಗೆ ಒಟ್ಟಿಗೆ ನೆಲಕ್ಕೆ ಬಡಿಯಬೇಕು. ಮೊದಲು ಮಲಗಿಕೊಂಡೇ ತೋಳು ಬಡಿಯುವುದು, ಆಮೇಲೆ ಕುಳಿತಲ್ಲಿಂದ, ಆಮೇಲೆ ಕುಕ್ಕರುಗಾಲಿನಿಂದ. ನಿಂತಲ್ಲಿಂದ ಬೀಳಿಸಲು ನಿಮ್ಮ ಹಳೆಯ ಮ್ಯಾಟುಗಳು ಸಾಲವು, ಅಲ್ಲಿಗೇ ನಿಲ್ಲಿಸಿ. ಜಮಖಾನ ಮಡಚಿ ಹಾಸಿದರೆ ಆಗುವುದಿಲ್ಲವೇ ಎಂದರೆ, ಮಲಗಿ ಅಭ್ಯಾಸ ಮಾಡಲು ಆದೀತು, ಅದಕ್ಕಿಂತ ಮುಂದೆ ಆಗದು.

ಇಷ್ಟು ಅಡಿಪಾಯ ಬಿದ್ದ ಮೇಲೆ ಉಳಿದದ್ದು ಬೇಗ ಸಾಗುತ್ತದೆ. ಓಟಕ್ಕೆ ಅಂಗಳದ ಉದ್ದವೇ ಮಿತಿ: 15 ಮೀಟರ್ ಸಿಕ್ಕರೂ ನಿಂತು ಹೊರಡುವುದು, ತೋಳು ಬೀಸುವುದು, ರಿಲೇ ಬದಲಿಸುವುದು ಎಲ್ಲವನ್ನೂ ಕಲಿಸಬಹುದು. ಮುಕ್ತಾಯದ ಗೆರೆಯನ್ನು ಗೋಡೆಯಿಂದ ಸಾಕಷ್ಟು ದೂರ ಹಾಕಿ. ಮಕ್ಕಳು ಗೆರೆಯ ಬಳಿ ನಿಲ್ಲುವುದಿಲ್ಲ, ಗೋಡೆ ಸಿಕ್ಕಾಗ ನಿಲ್ಲುತ್ತಾರೆ. ಪಿವಿಸಿ ಪೈಪನ್ನು 30 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿದರೆ ಬೇಟನ್ ಸಿದ್ಧ. 2025ರ ಜುಲೈ 5ರಂದು ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ 86.18 ಮೀಟರ್ ಎಸೆದು ಗೆದ್ದದ್ದನ್ನು ನೋಡಿದ ಮಕ್ಕಳು ಜಾವೆಲಿನ್ ಬೇಕೆಂದು ಹಟ ಹಿಡಿಯಬಹುದು. ಟೆನಿಸ್ ಚೆಂಡು ಕೊಟ್ಟು, ಎಸೆಯುವ ಕೈಗೆ ಎದುರಿನ ಕಾಲು ಮುಂದಿಟ್ಟು, ಎತ್ತರಕ್ಕೆ ಕಟ್ಟಿದ ಹಗ್ಗದಾಚೆ ಎಸೆಯಲು ಹೇಳಿ.

ಎತ್ತರ ಜಿಗಿತದಲ್ಲಿ ಮಾತ್ರ ಮಕ್ಕಳು ಮೊಬೈಲಿನಲ್ಲಿ ನೋಡಿದ ಶೈಲಿಗೆ ಕೈ ಹಾಕದಂತೆ ಎಚ್ಚರ ವಹಿಸಿ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಡಿಕ್ ಫಾಸ್ಬರಿ ಅಡ್ಡಪಟ್ಟಿಗೆ ಬೆನ್ನು ಕೊಟ್ಟು ಹಾರಿ 2.24 ಮೀಟರ್ ದಾಟಿ ಚಿನ್ನ ಗೆದ್ದರು. ಮರಳು, ಮರದ ಹೊಟ್ಟಿನ ಗುಂಡಿಗಳಿದ್ದ ಕಡೆ ದಪ್ಪನೆಯ ಫೋಮ್ ಹಾಸು ಬಂದದ್ದರಿಂದಲೇ ಹಾಗೆ ಬೆನ್ನು, ಭುಜದ ಮೇಲೆ ಇಳಿಯುವ ಧೈರ್ಯ ಸಾಧ್ಯವಾಯಿತು. ಫೋಮ್ ಇಲ್ಲದ ನಿಮ್ಮಲ್ಲಿ ಕತ್ತರಿ ಜಿಗಿತವೇ ಸರಿ: ಒಂದಾದ ಮೇಲೊಂದು ಕಾಲು ದಾಟಿಸಿ, ಕಾಲ ಮೇಲೆಯೇ ಇಳಿಯುವುದು. ಪಟ್ಟಿಗೆ ಬದಲು ಎಲಾಸ್ಟಿಕ್ ದಾರ ಕಟ್ಟಿ.

ಕರಾಟೆ ನಿಮ್ಮ ಅಂಗಳಕ್ಕೆ ಹೇಳಿ ಮಾಡಿಸಿದ್ದು. 20ನೇ ಶತಮಾನದ ಆರಂಭದಲ್ಲಿ ಆಂಕೊ ಇತೊಸು ಅದನ್ನು ಒಕಿನಾವಾದ ಶಾಲೆಗಳಿಗೆ ತಂದಾಗ ಅವರ ಎದುರಿಗಿದ್ದದ್ದೂ ಸಾಲು ಸಾಲು ಮಕ್ಕಳೇ. ಅದಕ್ಕೆಂದೇ ಅವರು ಪಿನಾನ್ ಎಂಬ ಐದು ಸರಳ ಕತಾಗಳನ್ನು, ಎಂದರೆ ಕ್ರಮವಾಗಿ ಜೋಡಿಸಿದ ಚಲನೆಗಳ ಸರಣಿಗಳನ್ನು, ರೂಪಿಸಿದರು. ನಿಲುವು, ನೇರ ಗುದ್ದು, ತಡೆ, ಹೆಜ್ಜೆ. ಎಲ್ಲರೂ ಒಟ್ಟಿಗೆ, ಯಾರೂ ಯಾರನ್ನೂ ಮುಟ್ಟದೆ. ಮುಷ್ಟಿ ಕಟ್ಟುವಾಗ ಹೆಬ್ಬೆರಳು ಬೆರಳುಗಳ ಒಳಗೆ ಸಿಕ್ಕಿಕೊಳ್ಳದೆ ಹೊರಗೆ ಮಡಚಿರಲಿ. ಜೋಡಿ ಅಭ್ಯಾಸದಲ್ಲಿ ಒಂದು ತೋಳಿನ ಅಂತರ ಬಿಡಿಸಿ, ತಲೆಗೆ ಗುರಿಯಿಡುವುದನ್ನು ಪೂರ್ತಿ ನಿಷೇಧಿಸಿ. ಬೀದಿಗೊಂದು ಕರಾಟೆ ತರಗತಿ ಇರುವ ಈ ಊರಿನಲ್ಲಿ ಹೊರಗಿನ ತರಬೇತುದಾರರನ್ನು ಗೊತ್ತು ಮಾಡುವ ಮಾತು ಬಂದೇ ಬರುತ್ತದೆ. ಬಂದರೆ ಅವರು ಬೀಳುವುದನ್ನು ಹೇಗೆ ಕಲಿಸುತ್ತಾರೆಂದು ಮೊದಲು ಕೇಳಿ. ಮೂರು ತಿಂಗಳಿಗೊಮ್ಮೆ ಶುಲ್ಕ ಕಟ್ಟಿ ಬೆಲ್ಟ್ ಬದಲಿಸುವ ವ್ಯವಹಾರ ಶಾಲೆಯ ಪೀರಿಯಡ್‌ಗೆ ಬೇಡ.

ಹೆಣ್ಣುಮಕ್ಕಳ ಆತ್ಮರಕ್ಷಣೆಗೆಂದು ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ತರಬೇತಿಯಿದೆ. ನಿಮ್ಮದು ಖಾಸಗಿ ಶಾಲೆಯಾದ್ದರಿಂದ ನೀವೇ ಕಲಿಸಬೇಕು. ಗಟ್ಟಿಯಾಗಿ ಕೂಗುವುದು, ಹಿಡಿದ ಕೈಯನ್ನು ಹೆಬ್ಬೆರಳಿನ ಕಡೆಯಿಂದ ಬಿಡಿಸಿಕೊಳ್ಳುವುದು, ಓಡುವುದು, ದೊಡ್ಡವರಿಗೆ ಹೇಳುವುದು. ಹುಡುಗರಿಗೂ ಇದನ್ನೇ ಕಲಿಸಿ.

ವಾರ್ಷಿಕೋತ್ಸವದ ವಿಚಾರದಲ್ಲಿ ನಾನು ಹಟಮಾರಿ. ಮಾನವ ಪಿರಮಿಡ್ ಬೇಡ, ಹೆಂಚು ಒಡೆಯುವುದು ಬೇಡ, ಬೆಂಕಿಯ ಬಳೆಯೊಳಗೆ ಹಾರುವುದಂತೂ ಬೇಡವೇ ಬೇಡ. ಪಿರಮಿಡ್‌ನ ತುದಿಯಲ್ಲಿ ನಿಲ್ಲಿಸುವುದು ತರಗತಿಯ ಅತಿ ಹಗುರ ಮಗುವನ್ನು, ಬಿದ್ದರೆ ಅತಿ ಎತ್ತರದಿಂದ ಬೀಳುವುದೂ ಅದೇ. ಐದು ಸಾಲುಗಳ ಮಕ್ಕಳು ಒಟ್ಟಿಗೆ ಜಿಗಿದು ಸದ್ದಿಲ್ಲದೆ ಇಳಿದು, ಆ ನಿಲುವಿನಿಂದಲೇ ಒಂದು ಕತಾ ಮಾಡಿ ತೋರಿಸಲಿ. ಪೋಷಕರು ಚಪ್ಪಾಳೆ ಹೊಡೆದೇ ಹೊಡೆಯುತ್ತಾರೆ, ಅವರ ಮಗು ಅದರಲ್ಲಿ ಇರುತ್ತದಲ್ಲ.

ಪಾಠ ಶುರು ಮಾಡುವ ಮುನ್ನ ಪೋಷಕರಿಂದ ಮಕ್ಕಳ ಆರೋಗ್ಯದ ವಿವರ ಬರೆಸಿಕೊಳ್ಳಿ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲ್ಭಾಗದ ಕೀಲು ಸಡಿಲವಿರುತ್ತದೆ, ವೈದ್ಯರು ಒಪ್ಪದೆ ಅವರಿಗೆ ಲಾಗ ಹಾಕಿಸಬಾರದು. ಉಬ್ಬಸ, ಮೂರ್ಛೆರೋಗ, ಹಳೆಯ ಮೂಳೆ ಮುರಿತ ಇದ್ದರೂ ನಿಮಗೆ ತಿಳಿದಿರಬೇಕು. ಕೂದಲಿನ ಕ್ಲಿಪ್ಪು, ಬಳೆ, ಜೇಬಿನ ಪೆನ್ನು ಎಲ್ಲವನ್ನೂ ತೆಗೆಸಿಡಿ. ಮಳೆ ಬಂದು ಅಂಗಳ ಒದ್ದೆಯಿದ್ದ ದಿನ ಜಿಗಿತ ಬೇಡ. ಇಷ್ಟಾದರೂ ಒಂದು ಮಗು ತಲೆ ಅಥವಾ ಕತ್ತಿನ ಮೇಲೆ ಬಿದ್ದು ನೋವೆಂದರೆ ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ಕತ್ತು ಅಲುಗದಂತೆ ಮಲಗಿದ್ದಲ್ಲೇ ಇರಿಸಿ 108ಕ್ಕೆ ಕರೆ ಮಾಡಿ.